ಮಾವನ ಜೊತೆ ಕಳಿಂಗಕ್ಕೆ: ಸೂಪರ್ ಕಪ್‌ನ ಒಂದು ವಾರ

ಏಪ್ರಿಲ್ 15, 2018, ಭಾನುವಾರ

ಪ್ರಶಾಂತಿ ಎಕ್ಸ್‌ಪ್ರೆಸ್ ಮಧ್ಯಾಹ್ನ ಮೆಜೆಸ್ಟಿಕ್ ಬಿಟ್ಟಾಗ ನಮ್ಮ ಬೋಗಿಯಲ್ಲಿ ನೀಲಿ ಜರ್ಸಿ ತೊಟ್ಟವನು ನಾನೊಬ್ಬನೇ. ಮಾವ ಹಾಕಿದ್ದು ಬಿಳಿ ಅರ್ಧ ತೋಳಿನ ಶರ್ಟು. ಹೊರಡುವ ಮುಂಚೆ ಅವರಿಗೂ ಒಂದು ಜರ್ಸಿ ತರ್ತೀನಿ ಅಂದಿದ್ದೆ. "ನೀನು ಹಾಕ್ಕೋ, ನನಗೆ ಆಟ ನೋಡಿದ್ರೆ ಸಾಕು" ಅಂದಿದ್ದರು. ಅತ್ತೆ ಕೊಟ್ಟ ಬುತ್ತಿಯಲ್ಲಿ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ, ಎರಡು ಹೊತ್ತಿಗಾಗುವಷ್ಟು ಚಿತ್ರಾನ್ನ, ಒಂದು ಡಬ್ಬಿ ತುಂಬ ಕೋಡುಬಳೆ.

ನಾವು ಹೊರಟಿದ್ದು ಭುವನೇಶ್ವರಕ್ಕೆ, ಫುಟ್‌ಬಾಲ್‌ನ ಸೂಪರ್ ಕಪ್ ನೋಡುವುದಕ್ಕೆ. ದೇಶದ ಎರಡು ದೊಡ್ಡ ಲೀಗುಗಳಾದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್), ಐ-ಲೀಗ್ ಎರಡರ ತಂಡಗಳೂ ಆಡುವ ಟೂರ್ನಿ ಅದು. ಮಂಗಳವಾರ ಸೆಮಿಫೈನಲ್, ಬೆಂಗಳೂರು ಎಫ್‌ಸಿಗೆ ಎದುರಾಳಿ ಕೋಲ್ಕತ್ತಾದ ಮೋಹನ್ ಬಗಾನ್. ಗೆದ್ದರೆ ಶುಕ್ರವಾರ ಫೈನಲ್. ಸೋತರೆ ಎರಡು ದಿನ ಪುರಿ ಸುತ್ತಿ ವಾಪಸ್ಸು ಅಂತ ಮನೆಯಲ್ಲಿ ಹೇಳಿದ್ದೆ. ಮನಸ್ಸಿನಲ್ಲಿ ಮಾತ್ರ ಸೋಲಿನ ಯೋಚನೆಯೇ ಇರಲಿಲ್ಲ.

ಯಾಕೆ ಇರಲಿಲ್ಲ ಅಂತ ಹೇಳಬೇಕು. ಆ ವರ್ಷ ನಮ್ಮವರು ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷ. 18 ಪಂದ್ಯಗಳಲ್ಲಿ 40 ಅಂಕ ಗಳಿಸಿ ಪಟ್ಟಿಯ ತುದಿಯಲ್ಲಿ ನಿಂತಿದ್ದರು. ಆಮೇಲೆ ಮಾರ್ಚ್ 17ರ ರಾತ್ರಿ, ನಮ್ಮದೇ ಕಂಠೀರವದಲ್ಲಿ, ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 3-2ರಿಂದ ಸೋತರು. ಮರುದಿನವೇ ಯುಗಾದಿ. ಬೆಳಿಗ್ಗೆ ಅಮ್ಮ ಅಂಗೈಗೆ ಬೇವು ಬೆಲ್ಲ ಹಾಕಿದಾಗ ನನ್ನ ನಾಲಿಗೆಗೆ ಬೆಲ್ಲ ಹತ್ತಲೇ ಇಲ್ಲ. ಆ ಕಹಿ ಹೋಗಬೇಕಾದರೆ ಇದೊಂದು ಕಪ್ ಬರಬೇಕಿತ್ತು. ಉಳಿದವರು ಹೆಚ್ಚಾಗಿ ಐ-ಲೀಗ್ ತಂಡಗಳು ತಾನೆ, ಬಂದೇ ಬರುತ್ತದೆ ಅನ್ನುವುದು ನನ್ನ ಲೆಕ್ಕ.

ಧರ್ಮಾವರಂ ದಾಟುವ ಹೊತ್ತಿಗೆ ಈ ಲೆಕ್ಕ ಮಾವನಿಗೂ ಒಪ್ಪಿಸಿದೆ. ಐಎಸ್‌ಎಲ್ ಮೇಲಿನದು, ಐ-ಲೀಗ್ ಕೆಳಗಿನದು. ಕಾಗದದ ಮೇಲೆ ಹಾಗಿಲ್ಲದಿದ್ದರೂ ದುಡ್ಡು, ಟಿವಿ, ವಿದೇಶಿ ಆಟಗಾರರು ಎಲ್ಲ ಈ ಕಡೆ ಇದ್ದಾರೆ ಅಂತ.

ಮಾವ ಕೋಡುಬಳೆ ಮುರಿಯುತ್ತ ಕೇಳಿದರು: "ಹೋದ ವರ್ಷ ನಿಮ್ಮ ಟೀಮು ಎಲ್ಲಿತ್ತೋ?"

ಐ-ಲೀಗ್‌ನಲ್ಲೇ ಇತ್ತು. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಮತ್ತೆ ಗೆದ್ದ ತಂಡ. ಹೋದ ಮೇ ತಿಂಗಳಲ್ಲಿ ಇದೇ ಒಡಿಶಾದ ಕಟಕ್‌ನಲ್ಲಿ, ಇದೇ ಮೋಹನ್ ಬಗಾನ್ ಎದುರು, ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಹೊಡೆದ ಎರಡು ಗೋಲಿನಿಂದ ಫೆಡರೇಷನ್ ಕಪ್ ಗೆದ್ದಿತ್ತು.

"ಹನ್ನೊಂದು ತಿಂಗಳಲ್ಲಿ ಅವರು ಕೆಳಗೆ ಹೋಗಿಬಿಟ್ರಾ?" ಅಂದರು ಮಾವ. ಅವರ ಮಾತು ಅಷ್ಟಕ್ಕೇ ನಿಂತಿತು.

ಮಾವ ಬೆಳೆದಿದ್ದು ಗೌತಮಪುರದಲ್ಲಿ. ಪೆಲೆಯ ಪ್ರತಿಮೆ ನಿಲ್ಲಿಸಿ ಪ್ರೀತಿಸುವ ಕೇರಿ ಅದು. ಅಲ್ಲಿ ಮಕ್ಕಳಿಗೆ ನಡಿಗೆ ಬರುವ ಮೊದಲು ಒದೆಯುವುದು ಬರುತ್ತದೆ ಅನ್ನುತ್ತಾರೆ. ಎಚ್‌ಎಎಲ್‌ಗೆ ಸೇರಿ, ಒಡಿಶಾದ ಕೊರಾಪುಟ್‌ನ ಸುನಾಬೇಡಾಕ್ಕೆ ವರ್ಗವಾಗಿ, ಅಲ್ಲಿನ ಫೌಂಡ್ರಿಯಲ್ಲಿ ಮರದ ಪ್ಯಾಟರ್ನ್ ಮಾಡುತ್ತ ಬಹಳ ವರ್ಷ ಕಳೆದರು. ನಿವೃತ್ತಿಯಾಗಿ ಬೆಂಗಳೂರಿಗೆ ಬಂದು ವರ್ಷವೂ ತುಂಬಿಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿ ಬೆಳೆದ ಕಾಲವನ್ನೆಲ್ಲ ಅವರು ಪೇಪರಿನಲ್ಲಿ ಓದಿದ್ದಷ್ಟೇ. ಬೆಂಗಳೂರಿನ ತಂಡವೊಂದು ಬಂಗಾಳದ ತಂಡವನ್ನು ಸೋಲಿಸುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅನ್ನುವುದೊಂದೇ ಅವರ ಆಸೆ. ಅದಕ್ಕೇ ನನ್ನ ಜೊತೆ ಬಂದದ್ದು.

ಏಪ್ರಿಲ್ 16, ಸೋಮವಾರ

ದಿನವೆಲ್ಲ ರೈಲು. ರಾಜಮಂಡ್ರಿಯಲ್ಲಿ ಗೋದಾವರಿ ಸೇತುವೆ ಮೇಲೆ ಗಾಡಿ ನಿಧಾನವಾದಾಗ ಬೋಗಿಯಲ್ಲಿದ್ದವರೆಲ್ಲ ಕಿಟಕಿಗೆ ಬಂದು ನಾಣ್ಯ ಹಾಕಿ ಕೈಮುಗಿದರು, ಮಾವನೂ ಮುಗಿದರು. ವಿಜಯನಗರಂ ಬಂದಾಗ ಎದ್ದು ಬಾಗಿಲಿಗೆ ಹೋಗಿ ನಿಂತರು. "ಇಲ್ಲಿಂದ ನಮ್ಮ ಕೊರಾಪುಟ್ ಗಾಡಿ ಕವಲೊಡೀತಿತ್ತು. ನಿಮ್ಮತ್ತೆ ಹಸುಗೂಸು ಎತ್ಕೊಂಡು ಇದೇ ಪ್ಲಾಟ್‌ಫಾರ್ಮಲ್ಲಿ ರಾತ್ರಿಯೆಲ್ಲ ಕೂತಿದ್ದಳು ಕಣೋ" ಅಂದರು.

ಬ್ರಹ್ಮಪುರಕ್ಕೆ ಮುಂಚೆ ಫೋನಿಗೆ ಸಿಗ್ನಲ್ ಸಿಕ್ಕಿತು. ಇನ್ನೊಂದು ಸೆಮಿಫೈನಲ್‌ನಲ್ಲಿ ಕೋಲ್ಕತ್ತಾದ್ದೇ ಇನ್ನೊಂದು ಐ-ಲೀಗ್ ತಂಡ ಈಸ್ಟ್ ಬೆಂಗಾಲ್, ಐಎಸ್‌ಎಲ್‌ನ ಎಫ್‌ಸಿ ಗೋವಾವನ್ನು 1-0ಯಿಂದ ಮನೆಗೆ ಕಳಿಸಿತ್ತು. ಗೋಲು ದುದು ಒಮಗ್ಬೆಮಿಯದು. ಅದಕ್ಕೂ ಮೊದಲು ಅವರು ಮುಂಬೈ ಸಿಟಿಯನ್ನು ಉರುಳಿಸಿದ್ದರು. ಅಂದರೆ ಐಎಸ್‌ಎಲ್‌ನ ಎರಡು ತಂಡ ಈ 'ಕೆಳಗಿನವರ' ಕೈಯಲ್ಲಿ ಆಗಲೇ ಮಣ್ಣು ಮುಕ್ಕಿದ್ದವು. ನಮ್ಮವರೂ ಇದೇ ಟೂರ್ನಿಯ ಮೊದಲ ಪಂದ್ಯದಲ್ಲಿ ಗೋಕುಲಂ ಕೇರಳ ಎದುರು ಹಿಂದೆ ಬಿದ್ದು, ಕೊನೇ ಗಳಿಗೆಯಲ್ಲಿ ಉದಾಂತ ಸಿಂಗ್ ಹೊಡೆದ ಗೋಲಿನಿಂದ 2-1ಕ್ಕೆ ಉಸಿರು ಬಿಟ್ಟಿದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ನೆರೋಕಾ ಎದುರು ನಮ್ಮ ನಾಯಕ ಛೆಟ್ರಿ ಒಬ್ಬನೇ ಮೂರು ಹೊಡೆದು 3-1 ಮಾಡಿದ್ದ. ಗೋಕುಲಂ ಪಂದ್ಯವನ್ನು ಮರೆತು ನೆರೋಕಾ ಪಂದ್ಯವೊಂದನ್ನೇ ತಲೆಯಲ್ಲಿಟ್ಟುಕೊಂಡಿದ್ದೆ ಅನ್ನುವುದು ಆಗ ಹೊಳೆಯಿತು.

ಚಿಲಿಕಾ ಸರೋವರ ಬಂದಾಗ ಕತ್ತಲು. ನೀರು ಕಾಣಲಿಲ್ಲ, ಕಿಟಕಿಯಿಂದ ಉಪ್ಪು ಮೀನಿನ ವಾಸನೆಯ ಗಾಳಿ ಬಂತು.

ಏಪ್ರಿಲ್ 17, ಮಂಗಳವಾರ

ಭುವನೇಶ್ವರದ ಏಪ್ರಿಲ್ ಅಂದರೆ ಬರೀ ಬಿಸಿಲಲ್ಲ, ಒದ್ದೆ ಬಟ್ಟೆ ಮೈಗೆ ಸುತ್ತಿದ ಹಾಗಿನ ಸೆಕೆ. ಬೆಳಿಗ್ಗೆ ಲಾಡ್ಜಿನ ಹತ್ತಿರದ ಸಣ್ಣ ಹೋಟೆಲಿಗೆ ಮಾವ ಕರೆದುಕೊಂಡು ಹೋಗಿ ಒಡಿಯಾದಲ್ಲೇ ಪಖಾಳ ಹೇಳಿದರು. ರಾತ್ರಿ ನೀರು ಹಾಕಿಟ್ಟ ಅನ್ನ, ಮೇಲೆ ಮೊಸರು, ಕರಿಬೇವಿನ ಎಸಳು, ಪಕ್ಕದಲ್ಲಿ ಹುರಿದ ಬಡಿ, ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿ. ನಮ್ಮಜ್ಜಿ ಮಾಡುತ್ತಿದ್ದ ತಂಗಳನ್ನವೇ. ಹೊಟ್ಟೆ ತಣ್ಣಗಾಯಿತು.

ಕಳಿಂಗ ಸ್ಟೇಡಿಯಂ ಹೊರಗೆ ನೋಡಿದಲ್ಲೆಲ್ಲ ಮೋಹನ್ ಬಗಾನ್‌ನ ಹಸಿರು, ಕೆಂಗಂದು. ಕೋಲ್ಕತ್ತಾದಿಂದ ಇಲ್ಲಿಗೆ ಒಂದು ರಾತ್ರಿಯ ರೈಲು. ಅಪ್ಪ, ಮಗ, ಮೊಮ್ಮಗ ಮೂರು ತಲೆಮಾರು ಒಂದೇ ಬಣ್ಣ ತೊಟ್ಟು ಬಂದ ಮನೆಗಳನ್ನು ಕಂಡೆ. 1889ರಲ್ಲಿ ಹುಟ್ಟಿದ ಕ್ಲಬ್ಬು ಅದು. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೈನ್ಯದ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದವರು. ನೀಲಿ ತೊಟ್ಟ ನಾವು ಒಂದು ಹಿಡಿ ಜನ. ಕಂಠೀರವದ ವೆಸ್ಟ್ ಬ್ಲಾಕ್ ಸ್ಟ್ಯಾಂಡಿನಲ್ಲಿ ಪರಿಚಯವಿದ್ದ ಕೆಲವು ಹುಡುಗರು ಸಿಕ್ಕರು, ಒಟ್ಟಿಗೆ ನಿಂತೆವು. ಮಾವನಿಗೆ ಮಾತ್ರ ಕೂರಲು ಜಾಗ ಮಾಡಿಕೊಟ್ಟರು.

ಮೊದಲರ್ಧ ನಮ್ಮದಾಗಲಿಲ್ಲ. 42ನೇ ನಿಮಿಷದಲ್ಲಿ ಅವರ ಡಿಪಾಂಡಾ ಡಿಕಾ ಗೋಲು ಹೊಡೆದ. ಆಚೆ ಕಡೆಯಿಂದ ಎದ್ದ ಕೂಗು ಕಿವಿಗಲ್ಲ, ಎದೆಗೆ ಬಡಿಯಿತು. ವಿರಾಮ ಮುಗಿದು ಐದು ನಿಮಿಷಕ್ಕೆ ನಿಶು ಕುಮಾರ್‌ಗೆ ಕೆಂಪು ಕಾರ್ಡು. ಒಂದು ಗೋಲು ಹಿಂದೆ, ಒಬ್ಬ ಕಡಿಮೆ. ನನ್ನ ಪಕ್ಕದ ಹುಡುಗ ಕೆಳಗೆ ಕೂತು ಬ್ಯಾನರಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದ. ಕಂಠೀರವದ ಆ ರಾತ್ರಿ ಮತ್ತೆ ಬಂತು ಅಂತ ನನಗನ್ನಿಸಿತು.

ಮಾವ ಮಾತ್ರ ಮುಂದಕ್ಕೆ ಬಾಗಿ ನೋಡುತ್ತಿದ್ದರು. "ಹತ್ತೇ ಜನ ಆದಮೇಲೆ ಚೆನ್ನಾಗಿ ನಿಂತ್ಕೊಂಡಿದ್ದಾರೆ ನೋಡು. ಅವರು ಗೆದ್ದೆವು ಅಂದ್ಕೊಂಡು ಮೇಲೆ ಬರ್ತಿದ್ದಾರೆ, ಹಿಂದೆ ಜಾಗ ಬಿಟ್ಟಿದ್ದಾರೆ."

62ನೇ ನಿಮಿಷ, ನಮ್ಮ ಮಿಕು. 65ನೇ ನಿಮಿಷ, ಮತ್ತೆ ಮಿಕು. ಎರಡನೆಯದು ಬಲೆಗೆ ಹೋದಾಗ ನಾನು ಯಾರನ್ನು ತಬ್ಬಿಕೊಂಡಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಆಮೇಲಿನ ಇಪ್ಪತ್ತೈದು ನಿಮಿಷ ಹತ್ತು ಜನ ಓಡಿದ ಓಟ ನೋಡಿ ಗಂಟಲು ಕಟ್ಟಿತು. ಜಾನ್ಸನ್, ಹುವಾನನ್ ಬಂದ ಚೆಂಡನ್ನೆಲ್ಲ ತಲೆಯಿಂದ ಆಚೆಗಟ್ಟುತ್ತಿದ್ದರು. ಕೊನೆಗೆ ಪೆನಾಲ್ಟಿ, ಮಿಕುವಿನ ಮೂರನೆಯದು. ಅದರ ಬೆನ್ನಿಗೇ ಛೆಟ್ರಿಯದೊಂದು. ಡಿಕಾ ಕಡೇ ಗಳಿಗೆಯಲ್ಲಿ ಇನ್ನೊಂದು ಹೊಡೆದ. 4-2.

ರಾತ್ರಿ ಲಾಡ್ಜಿನಲ್ಲಿ ಫೋನು ತೆಗೆದರೆ ನೂರಾರು ಮೆಸೇಜು. ಅರ್ಧ ಜನ ಕುಣಿಯುತ್ತಿದ್ದರು. ಇನ್ನರ್ಧದವರ ವರಸೆ ಬೇರೆ: ಐ-ಲೀಗ್ ಟೀಮಿನ ಮೇಲೆ ಗೆಲ್ಲಲೇಬೇಕಿತ್ತು, ಅದರಲ್ಲೇನು, ಅವರಿಂದ ಎರಡು ಗೋಲು ತಿಂದಿದ್ದು ನಾಚಿಕೆಗೇಡು, ಡಿಫೆನ್ಸ್ ಸರಿಯಿಲ್ಲ. ಮೂರು ದಿನದ ಹಿಂದಾಗಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ಆದರೆ ಆ ಹಸಿರು–ಕೆಂಗಂದು ಗುಂಪು ಸ್ಟೇಡಿಯಂ ಮೆಟ್ಟಿಲು ಇಳಿದು ಹೋದದ್ದನ್ನು ನೋಡಿದ್ದೆ. ಒಬ್ಬ ತಾತ ಮೊಮ್ಮಗನ ತಲೆ ಮೇಲೆ ಕೈಯಿಟ್ಟುಕೊಂಡು, ಒಂದು ಮಾತೂ ಆಡದೆ ಗೇಟಿನವರೆಗೆ ನಡೆದಿದ್ದ. ಅವರಿಗೆ ತಾವು ಕೆಳಗಿನ ಲೀಗಿನವರು ಅಂತ ಯಾರೂ ಹೇಳಿರಲಿಲ್ಲ. ಆ ಮೆಸೇಜುಗಳಿಗೆ ಉತ್ತರ ಕೊಡಲು ಮನಸ್ಸಾಗಲಿಲ್ಲ.

ಏಪ್ರಿಲ್ 18, ಬುಧವಾರ

ಅತ್ತೆಯ ಫೋನಿನಿಂದ ಎಚ್ಚರವಾಯಿತು. "ಇವತ್ತು ಅಕ್ಷಯ ತದಿಗೆ, ಬಸವ ಜಯಂತಿ. ಅಲ್ಲಿ ಜಗನ್ನಾಥನ ರಥದ ಕೆಲಸ ಶುರುವಾಗೋ ದಿನ. ಪುರಿಗೆ ಹೋಗದೆ ಬಂದ್ರೆ ಮನೆಗೆ ಬರಬೇಡಿ."

ಪುರಿಗೆ ಬಸ್ಸಿನಲ್ಲಿ ಎರಡು ಗಂಟೆ ಹತ್ತಿರ ಆಯಿತು. ದೇವಸ್ಥಾನದ ಮುಂದಿನ ಬಡಾ ದಾಂಡದಲ್ಲಿ, ಗಜಪತಿ ರಾಜರ ಅರಮನೆಯ ಎದುರಿನ ಜಾಗದಲ್ಲಿ, ರಥ ಕಟ್ಟುವ ಕೆಲಸಕ್ಕೆ ಪ್ರತಿ ವರ್ಷ ಇದೇ ತಿಥಿಯಂದು ಪೂಜೆಯಾಗುತ್ತದೆ. ದೇವರಿಂದ ಅಪ್ಪಣೆಯ ಮಾಲೆ ಬರುತ್ತದೆ, ಹೊಸ ಬಟ್ಟೆ ಉಟ್ಟ ಬಡಗಿಗಳು ಮರದ ದಿಮ್ಮಿಗಳಿಗೆ ಮೊದಲ ಕೊಡಲಿ ತಾಗಿಸುತ್ತಾರೆ. ನಾವು ನಿಂತ ಕಡೆಯಿಂದ ಜನರ ತಲೆಗಳ ಸಂದಿಯಲ್ಲಿ ಒಂದು ದಿಮ್ಮಿಯ ಅರ್ಧ ಕಾಣುತ್ತಿತ್ತು. ಅರಿಸಿನ, ಚಂದನ, ಹೂವು ಮೆತ್ತಿದ್ದ ಸಿಪ್ಪೆ ತೆಗೆದ ಮರ. ಕೊಡಲಿ ತಾಗಿದ ಕಡೆ ಬಿಳಿ ಚಕ್ಕೆಯೊಂದು ಎದ್ದು ಬಾಲದಂತೆ ನೇತಾಡುತ್ತಿತ್ತು.

ಮಾವನಿಗೆ ಅಲ್ಲಿಂದ ಕಾಲು ಕೀಳಲು ಮನಸ್ಸೇ ಬರಲಿಲ್ಲ. ಆಯುಷ್ಯವೆಲ್ಲ ಮರ ಕೆತ್ತಿದವರು. ಕೊಡಲಿ ಹಿಡಿದವನ ಬಲಗೈ ಹೆಬ್ಬೆರಳು ಎಲ್ಲಿದೆ, ಪೆಟ್ಟು ಎಷ್ಟು ಓರೆಯಾಗಿ ಬೀಳುತ್ತಿದೆ ಅಂತ ನನಗೆ ಪಿಸುಮಾತಿನಲ್ಲಿ ಹೇಳುತ್ತಿದ್ದರು. ಜಗನ್ನಾಥನ ನಂದಿಘೋಷಕ್ಕೆ 16 ಚಕ್ರ, ಬಲಭದ್ರನ ತಾಲಧ್ವಜಕ್ಕೆ 14, ಸುಭದ್ರೆಯ ದರ್ಪದಲನಕ್ಕೆ 12. ಮೂರು ರಥವೂ ಪ್ರತಿ ವರ್ಷ ಹೊಸದಾಗಿ ಆಗಬೇಕು, ಆಷಾಢದ ಬಿದಿಗೆಯೊಳಗೆ.

ಮಧ್ಯಾಹ್ನ ಆನಂದ ಬಜಾರಿನಲ್ಲಿ ಮಣ್ಣಿನ ಕುಡಿಕೆಯ ಮಹಾಪ್ರಸಾದ ಉಂಡೆವು. ಅನ್ನ, ದಾಲ್ಮಾ. ಎಲೆ ಮುಂದೆ ಕೂತಾಗ ಮಾವ 1969ರ ಮಾತು ತೆಗೆದರು. ನನಗೆ ಅರೆಬರೆ ಗೊತ್ತಿದ್ದ ಕಥೆ. ಪೂರ್ತಿ ಕೇಳಿದ್ದು ಅಲ್ಲೇ. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ಅನ್ನುವ ಹೆಸರಿನಲ್ಲಿ ನಮ್ಮ ತಂಡ ಒಟ್ಟು 4 ಸಲ ಗೆದ್ದಿತ್ತು. 1968-69ರಲ್ಲಿ ಬಂಗಾಳವನ್ನು ಸೋಲಿಸಿ ಗೆದ್ದದ್ದು ಸತತ ಎರಡನೆಯದು. ಮಾವನಿಗೆ ಹತ್ತು ವರ್ಷ. ಪಂದ್ಯಕ್ಕೆ ಅಣ್ಣನನ್ನು ಕರೆದುಕೊಂಡು ಹೋದ ಅಪ್ಪ, ಇವರನ್ನು ಚಿಕ್ಕವನೆಂದು ಬಿಟ್ಟು ಹೋಗಿದ್ದರಂತೆ.

"ಸಾಯಂಕಾಲ ಬೀದಿ ತುದಿಯಿಂದ ಕೂಗು ಬಂತು. ಅಪ್ಪ ಅಣ್ಣನ್ನ ಹೆಗಲ ಮೇಲೆ ಕೂರಿಸ್ಕೊಂಡು ಓಡಿ ಬರ್ತಿದ್ದ. ಅಪ್ಪ ಓಡಿದ್ದು ನಾನು ಅವತ್ತೇ ನೋಡಿದ್ದು. ಬಾಗಿಲಲ್ಲಿ ನಿಂತು 'ಬೆಂಗಾಲ್ ಸೋತೋಯ್ತು' ಅಂತ ಅಳ್ತಿದ್ದ. ಬೆಂಗಾಲ್ ಸೋಲೋದು ಅಂದ್ರೆ ಅಷ್ಟು ದೊಡ್ಡದು ಕಣೋ. ಆಮೇಲೆ ಅಣ್ಣ ಮೂವತ್ತು ವರ್ಷ ಅದನ್ನೇ ಹೇಳ್ದ, ನಾನು ಕೇಳ್ದೆ. ಕಣ್ಣಾರೆ ನೋಡಿದ್ದು ನಿನ್ನೆ."

ಕುಡಿಕೆಯಲ್ಲಿ ಉಳಿದಿದ್ದ ದಾಲ್ಮಾವನ್ನು ನನ್ನ ಎಲೆಗೆ ಸುರಿದು, ಕೈ ತೊಳೆಯಲು ಎದ್ದರು.

ಏಪ್ರಿಲ್ 19, ಗುರುವಾರ

ವಿಶೇಷವೇನಿಲ್ಲ. ಬೆಳಿಗ್ಗೆ ಧೌಲಿಗೆ ಹೋಗಿ ಅಶೋಕನ ಶಾಸನ, ಬಂಡೆಯಿಂದ ಹೊರಬರುತ್ತಿರುವ ಆನೆ ನೋಡಿದೆವು. ನಮ್ಮ ಮಸ್ಕಿಯ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇದೆ ಅಂತ ಮಾವ ಅಲ್ಲಿದ್ದ ಕಾವಲುಗಾರನಿಗೆ ಒಡಿಯಾದಲ್ಲಿ ವಿವರಿಸಿದರು. ಮಧ್ಯಾಹ್ನ ಸೆಕೆಗೆ ಹೊರಗೆ ಕಾಲಿಡಲಾಗಲಿಲ್ಲ. ಸಂಜೆ ದಹಿಬರಾ ಆಲೂದಮ್: ಮೊಸರು ನೀರಿನಲ್ಲಿ ನೆನೆದ ವಡೆಯ ಮೇಲೆ ಖಾರದ ಆಲೂಗಡ್ಡೆ, ಬಟಾಣಿ ಘುಗನಿ. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಏಪ್ರಿಲ್ 20, ಶುಕ್ರವಾರ

ಬಣ್ಣ ಬದಲಾಗಿತ್ತು. ಹಸಿರು–ಕೆಂಗಂದು ಇದ್ದಲ್ಲಿ ಕೆಂಪು–ಹಳದಿ. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್, ಊರು ಕಳೆದುಕೊಂಡು ಬಂದ ಪೂರ್ವ ಬಂಗಾಳದವರ ಮನೆಯಂತಿದ್ದ ಕ್ಲಬ್ಬು. ಅವರ ಕೂಗಿನಲ್ಲಿ ಒಂದು ಬಗೆಯ ಹಸಿವಿತ್ತು. ಐ-ಲೀಗ್ ಶುರುವಾದಾಗಿನಿಂದ ಅದನ್ನು ಒಮ್ಮೆಯೂ ಗೆದ್ದಿರಲಿಲ್ಲ, ಅವರಿಗೆ ಈ ಕಪ್ ನಮಗಿಂತ ಹೆಚ್ಚಾಗಿ ಬೇಕಿತ್ತೇನೋ. ನಮ್ಮ ತಂಡದಲ್ಲೂ ಅವರ ಅನ್ನ ಉಂಡವರು ಕಡಿಮೆಯಿಲ್ಲ. ಗೋಲ್‌ಕೀಪರ್ ಗುರ್‌ಪ್ರೀತ್ ಆಡುತ್ತ ಬೆಳೆದದ್ದು ಅಲ್ಲಿ. ಛೆಟ್ರಿ ಮೋಹನ್ ಬಗಾನ್‌ನಲ್ಲಿ ಶುರು ಮಾಡಿ ಮುಂದೆ ಇವರಿಗೂ ಆಡಿದವನು. ರಾಹುಲ್ ಭೇಕೆ ಹೋದ ವರ್ಷದವರೆಗೆ ಅವರ ಜರ್ಸಿಯಲ್ಲೇ ಇದ್ದ.

28ನೇ ನಿಮಿಷದಲ್ಲಿ ಅನ್ಸುಮಾನಾ ಕ್ರೋಮಾ ಗೋಲು ಹೊಡೆದ. ಈಸ್ಟ್ ಬೆಂಗಾಲ್ ಸ್ಟ್ಯಾಂಡಿನಲ್ಲಿ ಪಂಜುಗಳಂತೆ ಕೈಗಳೆದ್ದವು. ನಮ್ಮ ಕಡೆ ಸದ್ದಿಲ್ಲ. ಆ ಮೌನದಲ್ಲಿ ಒಬ್ಬರೇ ಒಬ್ಬರು ಚಪ್ಪಾಳೆ ತಟ್ಟಿದ್ದು ಕೇಳಿ ತಿರುಗಿದೆ. ಮಾವ.

"ಮಾವ, ಅದು ಅವರ ಗೋಲು."

"ಕಂಡಿದೆ ಕಣೋ. ಒಳ್ಳೇ ಗೋಲು ಅದು."

ಮೂರು ದಿನದ ಹಿಂದಿನ ಹಾಗೆ ಈ ಸಲ ನನ್ನ ಕೈಕಾಲು ತಣ್ಣಗಾಗಲಿಲ್ಲ. 39ನೇ ನಿಮಿಷದಲ್ಲಿ ಭೇಕೆ ಸಮ ಮಾಡಿದ, ತನ್ನ ಹಳೆಯ ತಂಡದ ಮೇಲೆ. ವಿರಾಮಕ್ಕೆ ಸ್ವಲ್ಪ ಮುಂಚೆ ಅವರ ಸಮದ್ ಅಲಿ ಮಲ್ಲಿಕ್‌ಗೆ ಕೆಂಪು ಕಾರ್ಡು. ಮಂಗಳವಾರ ನಾವು ನಿಂತ ಜಾಗದಲ್ಲಿ ಇವತ್ತು ಅವರು ನಿಂತಿದ್ದರು. ಎರಡನೇ ಅರ್ಧದ ಮೊದಲ ಇಪ್ಪತ್ತು ನಿಮಿಷ ಹತ್ತು ಜನ ಗೋಡೆ ಕಟ್ಟಿದ್ದನ್ನು ನೋಡಿದವರು ಯಾರೂ ಅವರನ್ನು ಕೆಳಗಿನವರು ಅನ್ನಲಾರರು. ದಿಮಾಸ್ ಡೆಲ್ಗಾಡೊ ಚೆಂಡನ್ನು ಎಡಕ್ಕೆ ಕೊಟ್ಟು, ಬಲಕ್ಕೆ ಕೊಟ್ಟು, ಎಲ್ಲಿ ಬಿರುಕಿದೆ ಅಂತ ತಾಳ್ಮೆಯಿಂದ ಹುಡುಕುತ್ತಿದ್ದ.

69ನೇ ನಿಮಿಷ, ಪೆನಾಲ್ಟಿ, ಛೆಟ್ರಿ. ಎರಡೇ ನಿಮಿಷಕ್ಕೆ ಮಿಕು. ಗೋಡೆ ಕುಸಿದದ್ದು ಆ ಎರಡು ನಿಮಿಷದಲ್ಲಿ. 90ನೇ ನಿಮಿಷದಲ್ಲಿ ಛೆಟ್ರಿ ಇನ್ನೊಂದು ಹೊಡೆದಾಗ ನಾವು ಒಂದು ಹಿಡಿ ಜನ ಕೂಗಿದ ಕೂಗಿಗೆ ಬೆಳಿಗ್ಗೆಯವರೆಗೆ ನನ್ನ ಗಂಟಲು ಬರಲಿಲ್ಲ. 4-1. ಮೊದಲ ಸೂಪರ್ ಕಪ್ ಬೆಂಗಳೂರಿನದು.

ಕಪ್ ಎತ್ತಿದಾಗ ನನ್ನ ಪಕ್ಕದಲ್ಲಿ ಬ್ಯಾನರಿನ ಅಂಚು ಸುತ್ತುತ್ತಿದ್ದ ಹುಡುಗ ಅಳುತ್ತಿದ್ದ. ಮಾರ್ಚ್ 17ರಂದು ಕಂಠೀರವದ ಗೇಟಿನ ಹತ್ತಿರ ಅತ್ತವನೂ ಇವನೇ ಅಂತ ಅವನ ಗೆಳೆಯ ಹೇಳಿದ. ನನ್ನ ಕಣ್ಣೂ ಒಣಗಿರಲಿಲ್ಲ. ಬೇವಿನ ಹಿಂದೆಯೇ ಬರಬೇಕಿದ್ದ ಬೆಲ್ಲ ಒಂದು ತಿಂಗಳು ಮೂರು ದಿನ ತಡವಾಗಿ ಬಂದಿತ್ತು. ತಂಡ ನಮ್ಮ ಮೂಲೆಗೆ ಬಂದು ಕೈ ಮೇಲೆತ್ತಿ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು.

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೆಂಪು–ಹಳದಿ ಶಾಲು ಹೊದ್ದ ಹಿರಿಯರೊಬ್ಬರು ಒಂಟಿಯಾಗಿ ಕೂತಿದ್ದರು. ಮಾವ ಪಕ್ಕದಲ್ಲೇ ಕೂತು ಎರಡು ಚಹಾ ಹೇಳಿದರು. ಹಿಂದಿಯಲ್ಲಿ ಮಾತು ಶುರುವಾಯಿತು. ಬೆಂಗಳೂರಿನಿಂದ ಬಂದವರು ಅಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೈಸೂರು. ಹಳೇ ಮೈಸೂರು ಟೀಮು ಬಹಳ ಚೆನ್ನಾಗಿ ಆಡುತ್ತಿತ್ತು" ಅಂದರು. ಮಾವನಿಗೆ ಮಾತೇ ಹೊರಡಲಿಲ್ಲ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ತಲೆಯಾಡಿಸುತ್ತಲೇ ಇದ್ದರು. ಹೌರಾ ಗಾಡಿಗೆ ಹೊತ್ತಾಯಿತೆಂದು ಅವರು ಎದ್ದಾಗ ಮಾವ ಸ್ಟೇಷನ್ನಿನ ಆಟೋ ಹತ್ತಿಸಿ ಬಂದರು.

ಏಪ್ರಿಲ್ 21, 22

ಬೆಳಗಿನ ಜಾವದ ಗಾಡಿ. ಚಿಲಿಕಾವನ್ನು ಈ ಸಲ ಬೆಳಕಿನಲ್ಲಿ ನೋಡಿದೆವು, ತಿಳಿ ಬೂದು ನೀರಿನ ಮೇಲೆ ದೋಣಿಗಳು ನಿಂತಲ್ಲೇ ನಿಂತಿದ್ದವು. ವಿಜಯನಗರಂ ಬಂದಾಗ ಮಾವ ಗಾಢ ನಿದ್ದೆಯಲ್ಲಿದ್ದರು, ಎಬ್ಬಿಸಲಿಲ್ಲ. ಪಹಾಲದ ರಸಗುಲ್ಲದ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದೆ.

ಭಾನುವಾರ ಬೆಂಗಳೂರಿಗೆ ಇಳಿದಾಗ ಮಾವ ಮನೆಗೆ ಹೋಗಲು ಒಪ್ಪಲಿಲ್ಲ. ಬ್ಯಾಗಿನ ಸಮೇತ ಗೌತಮಪುರಕ್ಕೆ ನಡಿ ಅಂದರು. ದೊಡ್ಡ ಮಾವ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಿವಿ ಮಂದ, ಮಂಡಿ ನೋವು; ಟಿವಿಯಲ್ಲಿ ಮ್ಯಾಚು ನೋಡಿದ್ದರಂತೆ, ಆದರೂ ಹೇಳು ಅಂದರು. ಅತ್ತಿಗೆ ಇನ್ನೊಂದು ಕುರ್ಚಿ ತಂದಿಟ್ಟರು. ಮಾವ ಅದನ್ನು ಅಣ್ಣನ ಒಳ್ಳೆಯ ಕಿವಿಯ ಕಡೆಗೆ ಎಳೆದುಕೊಂಡು ಕೂತು, "ಮೊದಲು ಅವರದೊಂದು ಗೋಲು ಹೇಳ್ತೀನಿ ಕೇಳು" ಅಂತ ಕ್ರೋಮಾನಿಂದ ಶುರು ಮಾಡಿದರು.